ಕೈ ಜೋಮು ಹಿಡಿದರೆ ಹ್ಯಾಂಡಲ್ ಕಡೆಗೂ ನೋಡಿ

"ಡಾಕ್ಟ್ರೇ, ಗಾಡಿ ಓಡಿಸಿದ್ರೆ ಕೈ ಜೋಮು ಹಿಡಿಯುತ್ತೆ. ನರಕ್ಕೆ ಒಂದು ಇಂಜೆಕ್ಷನ್ ಹಾಕಿಬಿಡಿ." ಕಡೂರಿನ ನನ್ನ ಚಿಕಿತ್ಸಾಲಯದಲ್ಲಿ ಆಗಾಗ ಕೇಳುವ ಮಾತಿದು.

ತರೀಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೆಯೇ ಬಂದಿದ್ದರು. ಬಿಡುವಾದರೆ ಗೆಳೆಯರೊಂದಿಗೆ ಬೈಕಿನಲ್ಲಿ ಶೃಂಗೇರಿ, ಆಗುಂಬೆ, ಉಡುಪಿ ಎಂದು ಹೊರಡುವವರು. ಒಂದು ಗಂಟೆ ಓಡಿಸುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಮರಗಟ್ಟುತ್ತಿದ್ದವು. ಕತ್ತು, ಭುಜ ನೋಯುತ್ತಿದ್ದವು. ಕೈ ಪರೀಕ್ಷಿಸಿದ ಮೇಲೆ ಅವರನ್ನು ಹೊರಗೆ ಕರೆದೊಯ್ದು ಬೈಕಿನ ಮೇಲೆಯೇ ಕೂರಿಸಿ ನೋಡಿದೆ. ಅಂದಕ್ಕೆಂದು ಹಾಕಿಸಿದ್ದ ತಗ್ಗಾದ ಹ್ಯಾಂಡಲ್. ಮೈ ಮುಂದಕ್ಕೆ ಬಾಗಿತ್ತು, ಮೊಣಕೈ ಕೋಲಿನಂತೆ ನೆಟ್ಟಗಾಗಿತ್ತು, ದೇಹದ ಭಾರವೆಲ್ಲ ಅಂಗೈ ಮೇಲೆ ಬಿದ್ದಿತ್ತು. ತೊಂದರೆಯ ಮೂಲ ಅಲ್ಲಿತ್ತು.

"ಸ್ವಲ್ಪ ಎತ್ತರದ ಹ್ಯಾಂಡಲ್ ಹಾಕಿಸಿ" ಎಂದು ಹೇಳಿ ಕಳುಹಿಸಿದೆ. ಮೂರು ವಾರದ ನಂತರ ಅವರು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು! ಹೊಸ ಹ್ಯಾಂಡಲ್ ತೀರ ಎತ್ತರದ್ದು, ಕೇಬಲ್ ಮಾತ್ರ ಹಳೆಯದೇ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವಾಗ ಒಂದು ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದ್ದಾರೆ. ಕೇಬಲ್ ಜಗ್ಗಿ ಎಂಜಿನ್ ತಾನಾಗಿಯೇ ರೇಸ್ ಆಗಿದೆ. ನಾನು ಕೊಟ್ಟಿದ್ದು ಅರ್ಧ ಸಲಹೆ. ಉಳಿದರ್ಧವನ್ನು ಹಿರಿಯ ಮೆಕ್ಯಾನಿಕ್ ಒಬ್ಬರಿಂದ ಕೇಳಿ ತಿಳಿದುಕೊಂಡೆ. ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ಜೋಮು ಏಕೆ ಹಿಡಿಯುತ್ತದೆ?

ಅಂಗೈಗೆ ಬರುವ ಎರಡು ಮುಖ್ಯ ನರಗಳು ಮಣಿಕಟ್ಟಿನ ಬಳಿ ಇಕ್ಕಟ್ಟಾದ ದಾರಿಯಲ್ಲಿ ಹಾದುಬರುತ್ತವೆ. ಅಂಗೈಯ ಹೊರ ಅಂಚು ಹ್ಯಾಂಡಲ್ ಮೇಲೆ ಒತ್ತಿದರೆ ಅಲ್ನಾರ್ ನರ ನಲುಗಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮಣಿಕಟ್ಟು ಬಹಳ ಹೊತ್ತು ಮಡಿಸಿಕೊಂಡೇ ಇದ್ದರೆ ಮೀಡಿಯನ್ ನರ ಒತ್ತಡಕ್ಕೆ ಸಿಕ್ಕಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಎಂಜಿನ್ನಿನ ನಡುಕ ಎರಡನ್ನೂ ಹೆಚ್ಚಿಸುತ್ತದೆ. ಬಿ-12 ಇಂಜೆಕ್ಷನ್ ಬೇಕಾಗುವುದು ಅದರ ಕೊರತೆ ಇದ್ದವರಿಗೆ. ಒತ್ತಡದಿಂದ ಬಂದ ಜೋಮಿಗೆ ಒತ್ತಡ ತೆಗೆಯುವುದೇ ಮದ್ದು.

ಮೊದಲು ಖರ್ಚಿಲ್ಲದ ಉಪಾಯ

ಹೊಸ ಹ್ಯಾಂಡಲ್ ಕೊಳ್ಳುವ ಮೊದಲು ಇರುವುದನ್ನೇ ಸರಿಪಡಿಸಿ ನೋಡಿ. ಕ್ಲಾಂಪ್ ಬೋಲ್ಟುಗಳನ್ನು ಸಡಿಲಿಸಿ ಹ್ಯಾಂಡಲನ್ನು ತುಸು ಹಿಂದಕ್ಕೆ ಹೊರಳಿಸಬಹುದು. ಕ್ಲಚ್, ಬ್ರೇಕ್ ಲಿವರುಗಳನ್ನು ಮುಂಗೈಯ ನೇರಕ್ಕೆ ಬರುವಂತೆ ತಿರುಗಿಸಬಹುದು. ಲಿವರ್ ಹಿಡಿದಾಗ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮಡಿಯಬಾರದು. ಕ್ಲಚ್ ಬಿಗಿಯಾಗಿದ್ದರೆ ಕೇಬಲ್ಲಿಗೆ ಎಣ್ಣೆ ಬಿಡಿಸಿ. ಸವೆದ ಗ್ರಿಪ್ ಬದಲಿಸಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಹ್ಯಾಂಡಲ್ ಆರಿಸುವುದು ಹೇಗೆ?

ಬೈಕನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎಂದಿನಂತೆ ಕುಳಿತು, ಕಣ್ಣು ಮುಚ್ಚಿ. ಭುಜ ಸಡಿಲ ಬಿಟ್ಟು, ಮೊಣಕೈ ತುಸು ಮಡಿಸಿ, ಕೈಗಳನ್ನು ಸಲೀಸಾಗಿ ಮುಂದೆ ಚಾಚಿ. ಅವು ನಿಂತ ಜಾಗಕ್ಕೂ ಈಗಿನ ಗ್ರಿಪ್ಪಿಗೂ ಎಷ್ಟು ಅಂತರವಿದೆ ಎಂದು ಇನ್ನೊಬ್ಬರಿಂದ ಅಳತೆ ಮಾಡಿಸಿ. ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಬದಲಾವಣೆಯೇ ದೊಡ್ಡ ವ್ಯತ್ಯಾಸ ತರುತ್ತದೆ. ತೀರ ಎತ್ತರವಾದರೆ ಕೈ ಮೇಲೆತ್ತಿಯೇ ಇರಬೇಕಾಗಿ ಭುಜ ಸೋಲುತ್ತದೆ. ತೀರ ಅಗಲವಾದರೆ ತಿರುವಿನಲ್ಲಿ ಒಂದು ಕೈ ಎಟುಕುವುದಿಲ್ಲ.

ಕೊಳವೆಯ ದಪ್ಪ ನೋಡಿಕೊಳ್ಳಿ. ನಮ್ಮಲ್ಲಿನ ಬಹುಪಾಲು ಬೈಕುಗಳದು 22 ಮಿ.ಮೀ. ಕೆಲವು ದೊಡ್ಡ ಬೈಕುಗಳಲ್ಲಿ ಕ್ಲಾಂಪ್ ಬಳಿ ಸುಮಾರು 28 ಮಿ.ಮೀ. ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿನ್ಯಾಸ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಆದ್ದರಿಂದ ತಯಾರಕರೇ ನಿಮ್ಮ ಮಾದರಿಗೆಂದು ಕೊಡುವ ಹ್ಯಾಂಡಲ್ ಮೇಲು. ಅನುಮಾನವಿದ್ದರೆ ಆರ್‌ಟಿಓ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಜೋಡಿಸಿದ ಮೇಲೆ ತಪ್ಪದೆ ನೋಡಿ

* ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕದೆ, ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಎಂಜಿನ್ನಿನ ಸದ್ದು ಸ್ವಲ್ಪವೂ ಏರಬಾರದು. ಏರಿದರೆ ಉದ್ದನೆಯ ಕೇಬಲ್ ಬೇಕು ಎಂದರ್ಥ.

* ಎರಡೂ ತುದಿಗಳಲ್ಲಿ ಕ್ಲಚ್ ಕೇಬಲ್, ಬ್ರೇಕಿನ ಪೈಪು, ವೈರುಗಳು ಬಿಗಿಯಬಾರದು, ಎಲ್ಲಿಯೂ ಸಿಕ್ಕಿಕೊಳ್ಳಬಾರದು.

* ಎಕ್ಸಲರೇಟರ್ ಬಿಟ್ಟೊಡನೆ ತಾನಾಗಿ ಹಿಂದಕ್ಕೆ ಬರಬೇಕು.

* ಹ್ಯಾಂಡಲ್ ಆಗಲಿ, ನಿಮ್ಮ ಬೆರಳಾಗಲಿ ಟ್ಯಾಂಕಿಗೆ ತಾಗಬಾರದು.

* ಬೋಲ್ಟುಗಳನ್ನು ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಿ. ಮೊದಲ ಸವಾರಿಯ ನಂತರ ಮತ್ತೊಮ್ಮೆ ನೋಡಿಸಿ.

ದೂರದ ಪ್ರಯಾಣಕ್ಕೆ ಮುನ್ನ ಹತ್ತಿರದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ಪ್ರಯಾಣದಲ್ಲಿ ಗಂಟೆಗೊಮ್ಮೆ ಇಳಿದು ಕೈ, ಕತ್ತು ಸಡಿಲಿಸಿ. ಗ್ರಿಪ್ಪನ್ನು ಹಿಸುಕಿ ಹಿಡಿಯಬೇಡಿ.

ಎಲ್ಲಕ್ಕೂ ಹ್ಯಾಂಡಲ್ ಕಾರಣವಲ್ಲ

ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರು ಒಂದು ವರ್ಷದಲ್ಲಿ ಎರಡು ಹ್ಯಾಂಡಲ್ ಬದಲಿಸಿದ್ದರು. ಜೋಮು ಹೋಗಲಿಲ್ಲ. ವಿಚಾರಿಸಿದರೆ ಅಂಗಾಲಿನಲ್ಲೂ ಉರಿ ಇತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಬಹಳ ಏರಿತ್ತು. ಆ ಒಂದು ವರ್ಷವೂ ಮಧುಮೇಹ ಚಿಕಿತ್ಸೆಯಿಲ್ಲದೆ ಉಳಿದಿತ್ತು.

ಆದ್ದರಿಂದ ಬೈಕಿನಿಂದ ಇಳಿದು ಸ್ವಲ್ಪ ಹೊತ್ತಿನಲ್ಲಿ ಜೋಮು ಬಿಟ್ಟರೆ ಹ್ಯಾಂಡಲ್ ನೋಡಿ. ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕಾಲಿನಲ್ಲೂ ಇದ್ದರೆ, ಹಿಡಿದ ಲೋಟ ಜಾರಿದರೆ, ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರೆ, ಬೆರಳು ಬೆಳ್ಳಗಾಗುತ್ತಿದ್ದರೆ, ಕತ್ತಿನಿಂದ ತೋಳಿಗೆ ನೋವು ಇಳಿದರೆ ತಡಮಾಡದೆ ವೈದ್ಯರನ್ನು ಕಾಣಿ. ಮಧುಮೇಹ, ಥೈರಾಯ್ಡ್, ಕುತ್ತಿಗೆಯ ಮೂಳೆ ಇವನ್ನು ಪರೀಕ್ಷಿಸಬೇಕಾಗುತ್ತದೆ. ಬಹುಕಾಲ ಒತ್ತಡದಲ್ಲಿದ್ದ ನರ ಪೂರ್ತಿ ಚೇತರಿಸಿಕೊಳ್ಳದೆಯೂ ಹೋಗಬಹುದು.

ತರೀಕೆರೆಯ ಆ ಬೆಳೆಗಾರರ ಮೂಳೆ ಕೂಡಿದೆ. ಈಗ ಅವರ ಬೈಕಿಗೆ ಮೊದಲಿನದಕ್ಕಿಂತ ಎರಡು ಬೆರಳಷ್ಟೇ ಎತ್ತರದ ಹ್ಯಾಂಡಲ್ ಇದೆ, ಅದಕ್ಕೆ ತಕ್ಕ ಕೇಬಲ್ಲೂ ಇದೆ. ಕಳೆದ ಬಾರಿ ಬಂದಾಗ ಇಂಜೆಕ್ಷನ್ ಕೇಳಲಿಲ್ಲ. ಆಗುಂಬೆಗೆ ಹೋಗಿಬಂದೆ ಎಂದರು.