ಬಿಡುಗಡೆಯ ಮರುದಿನ

1975ರ ಅಕ್ಟೋಬರ್ 25ರಿಂದೀಚೆಗೆ ಭಾರತದಲ್ಲಿ ಜೀತವೆಂಬುದು ಕಾನೂನಿನ ಕಣ್ಣಿಗೆ ಇಲ್ಲ. ಮೊದಲು ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಅಧಿನಿಯಮವಾಗಿ ನೆಲೆಗೊಂಡ ಆ ಶಾಸನವು, ಜೀತದಾಳನ್ನು ಮುಕ್ತನೆಂದು ಸಾರಿದ್ದಲ್ಲದೆ, ಎಷ್ಟೋ ವೇಳೆ ಅವನ ತಂದೆಯೇ ತಂದು ಉಳಿಸಿಹೋಗಿದ್ದ ಸಾಲವನ್ನೂ ತೊಡೆದುಹಾಕಿತು. ಜೀತದ ಲೆಕ್ಕದಲ್ಲಿ ಧಣಿ ಕೊಟ್ಟಿದ್ದ ಗುಡಿಸಲಿನಿಂದ ಅವನನ್ನು ಎಬ್ಬಿಸಕೂಡದೆಂದೂ ವಿಧಿಸಿತು. ಈ ಕಡೆಯ ವಿಧಿಯನ್ನು ಬರೆದವರು ಹಳ್ಳಿಯನ್ನು ಬಲ್ಲವರೇ ಸರಿ.

ಆದರೆ ಮರುದಿನದ ಗಂಜಿಗೇನು? ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರನಿಗೆ ಒಡೆತನದ ದಾರಿಯನ್ನು ತೆರೆಯಿತು. ಗೇಣಿದಾರರು ನಮೂನೆ 7ನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಜೀತದಾಳು ಮಾತ್ರ ಧಣಿಯ ಎತ್ತು, ಧಣಿಯ ನೇಗಿಲು, ಧಣಿಯ ಬೀಜಗಳಿಂದ ಧಣಿಯ ಹೊಲವನ್ನೇ ಉತ್ತವನಾದುದರಿಂದ, ಆ ಅರ್ಜಿಯಲ್ಲಿ ಬರೆಯುವುದಕ್ಕೆ ಅವನ ಪಾಲಿಗೆ ಒಂದು ಸರ್ವೆ ನಂಬರೂ ಇರಲಿಲ್ಲ.

1865ರ ಅಮೆರಿಕದಲ್ಲಿಯೂ ಇದೇ ಕಥೆ. ದಾಸ್ಯಮುಕ್ತರಾದ ಕರಿಯರಲ್ಲಿ ಕೆಲವರಿಗೆ ಸೈನ್ಯವು ನಲವತ್ತು ಎಕರೆಯಂತೆ ಹಂಚಿದ್ದ ನೆಲವನ್ನು ಅಧ್ಯಕ್ಷ ಜಾನ್ಸನ್ ಹಳೆಯ ಒಡೆಯರಿಗೇ ಮರಳಿಸಿದನು; ಅನಂತರ ಅದೇ ಹತ್ತಿಯ ಹೊಲಗಳನ್ನು ಕೋರಿಗೆ ಮಾಡುತ್ತ, ಬೆಳೆಯ ಮೇಲೆ ಕಡ ತರುತ್ತ, ಅವರು ಮತ್ತೆ ಕಟ್ಟುಬಿದ್ದರು.

ನಮ್ಮಲ್ಲಿ ಮೈಬಣ್ಣದ ಸ್ಥಾನದಲ್ಲಿ ಜಾತಿಯಿತ್ತು. ಜೀತ ಬಿಟ್ಟವನಿಗೂ ಹೋಟೆಲಿನಲ್ಲಿ ಬೇರೆ ಲೋಟ ತಪ್ಪಲಿಲ್ಲ. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದಾಗ, ಮಾನದ ಪ್ರಶ್ನೆಯನ್ನೂ ಭೂಮಿಯ ಪ್ರಶ್ನೆಯನ್ನೂ ಒಂದಾಗಿಯೇ ಎತ್ತಿದ್ದು ಆಕಸ್ಮಿಕವಲ್ಲ.

ಭೂಮಿ ದೊರೆಯದವರಿಗೆ ಉಳಿದದ್ದು ಕೂಲಿ. ಭದ್ರಾ ನಾಲೆಯ ನೀರುಂಡ ಚನ್ನಗಿರಿಯಲ್ಲಿ ನಾಟಿಯುಂಟು, ಅಡಕೆಯುಂಟು. ಅಡಕೆಯ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ಮನೆಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು, ಬೆರಳು ಕಪ್ಪಿಡುವವರೆಗೆ ಸುಲಿದು, ತೂಕದ ಮೇಲೆ ಕೂಲಿ ಎಣಿಸಿಕೊಳ್ಳುತ್ತಾರೆ. ಒಬ್ಬ ಧಣಿ ಬೇಡವಾದರೆ ಇನ್ನೊಂದು ಮನೆಗೆ ಹೋಗಬಹುದೆಂಬುದು ಸಣ್ಣ ಸ್ವಾತಂತ್ರ್ಯವೇನೂ ಅಲ್ಲ. ಮಳೆಯನ್ನೇ ನೆಚ್ಚಿದ ಜಗಳೂರಿನಲ್ಲಿ ಆ ಆಯ್ಕೆಯೂ ಕಡಮೆ. ಮೇಸ್ತ್ರಿಯ ಮುಂಗಡ ಹಿಡಿದು ಊರು ಬಿಟ್ಟವನು ಅದನ್ನು ತೀರಿಸುವತನಕ ಹಿಂದಿರುಗುವಂತಿಲ್ಲವಾದರೆ, ಅದನ್ನೂ 1976ರ ಕಾನೂನು ಜೀತವೆಂದೇ ಎಣಿಸುತ್ತದೆ.

ಪುನರ್ವಸತಿಗೆಂದು 1978ರಲ್ಲಿ ಗೊತ್ತಾದದ್ದು ತಲೆಗೆ 4,000 ರೂಪಾಯಿ. 2016ರ ಯೋಜನೆಯು ವಯಸ್ಕ ಪುರುಷನಿಗೆ ಅದನ್ನು 1 ಲಕ್ಷಕ್ಕೇರಿಸಿತಾದರೂ, ಪೂರ್ಣ ಮೊತ್ತವನ್ನು ಧಣಿಯ ಅಪರಾಧವು ನ್ಯಾಯಾಲಯದಲ್ಲಿ ರುಜುವಾತಾಗುವುದಕ್ಕೆ ತಗುಲಿಹಾಕಿತು. ಅದುವರೆಗೆ ಕೈಗೆ ದೊರೆಯುವುದು ತತ್ಕ್ಷಣದ ಸಹಾಯಧನ ಮಾತ್ರ; ಮೊಕದ್ದಮೆ ನಡೆಯುವಷ್ಟು ಕಾಲವೂ ಸಾಕ್ಷಿ ಹೇಳಬೇಕಾದವನು ಕೂಲಿಗೆ ಹೋಗಬೇಕಾದದ್ದು, ಅನೇಕ ವೇಳೆ, ಆರೋಪಿಯ ನೆಂಟರ ತೋಟಕ್ಕೇ.