ನಿಧಾನಕ್ಕೂ ಬುತ್ತಿ ಬೇಕಲ್ರಿ

ಎರಡು ವರ್ಷದ ಹಿಂದೆ, ಕೊರೊನಾ ಶುರುವಾದ ಹೊಸದರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು. ನಿಮಗೂ ನೆನಪಿರಬೇಕು. ಇದೆಲ್ಲಾ ಮುಗಿದ ಮೇಲೆ ಜಗತ್ತು ಮೊದಲಿನ ಹಾಗೆ ಇರೂದಿಲ್ಲ, ಮನುಷ್ಯ ಓಡೂದು ಕಡಿಮೆ ಮಾಡ್ತಾನೆ, ಇದ್ದವರು ಇಲ್ಲದವರ ಕಡೆ ನೋಡ್ತಾರೆ, ಹಳ್ಳಿಗೆ ಮತ್ತೆ ಬೆಲೆ ಬರ್ತದೆ ಅಂತ. ವಿಜಯಪುರ ಜಿಲ್ಲೆಯ ನಮ್ಮ ಅರಕೇರಿಯಲ್ಲಿ ಕೂತು ನಾನೂ ಅದನ್ನು ನಂಬಿದೆ. ಈಗ 2022ರ ಬ್ಯಾಸಗಿ. ಆ ನಂಬಿಕೆಯನ್ನು ನಾನಿನ್ನೂ ಬಿಟ್ಟಿಲ್ಲ.

ಯಾಕಂದ್ರೆ ಕಣ್ಣಾರೆ ಕಂಡದ್ದೂ ಇದೆ. 2020ರ ಮೇ ತಿಂಗಳಲ್ಲಿ ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದು ಅಂತ ಆದೇಶವಿತ್ತು. ನಮ್ಮ ಓಣಿಯಲ್ಲೊಂದು ಲಗ್ನ ಮನೆ ಮುಂದಿನ ಹಂದರದಲ್ಲೇ ಆಯಿತು. ಗೋದಿ ಹುಗ್ಗಿ, ಬದನಿಕಾಯಿ ಪಲ್ಯ, ಅನ್ನ, ಸಾರು. ಮರುದಿನ ಹುಡುಗಿಯ ಅಪ್ಪ, ನಮಗೆಲ್ಲ ಕಾಕಾ, ಕಟ್ಟಿ ಮೇಲೆ ಕೂತು ‘ಯಾರ ಮುಂದೂ ಕೈ ಚಾಚದ ಮಗಳ ಲಗ್ನ ಮಾಡೀನಿ ನೋಡವಾ’ ಅಂದರು. ದೊಡ್ಡ ಮಗಳ ಲಗ್ನದ ಸಾಲ ಅವರಿಗೆ ಇನ್ನೂ ತೀರಿರಲಿಲ್ಲ. ಈ ವರ್ಷ ಮತ್ತೆ ಮಂಗಲ ಕಾರ್ಯಾಲಯ, ಮತ್ತೆ ಡಾಲ್ಬಿ, ಮತ್ತೆ ಸಾವಿರ ಮಂದಿಯ ಊಟ. 50 ಜನರ ಲಗ್ನದಲ್ಲಿ ಕಟ್ಟಿದ ತಾಳಿ ಏನು ಗಟ್ಟಿ ಆಗಲಿಲ್ಲೇನ್ರಿ?

ಶಾಲೆಯ ಮಾತೂ ಹಾಗೇ. ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾದಾಗ ಸರಕಾರಿ ಶಾಲೆಯ ಮಾಸ್ತರು, ಅಕ್ಕೋರು ತಾವೇ ಮಕ್ಕಳಿದ್ದಲ್ಲಿಗೆ ಬಂದು ಗುಡಿಯ ಕಟ್ಟಿ ಮೇಲೆ, ಗಿಡದ ನೆರಳಲ್ಲಿ ಪಾಠ ಹೇಳಿದರು. ಮೊಬೈಲ್ ಇಲ್ಲದ ಮನೆಯ ಮಗುವಿಗೂ ಅಲ್ಲಿ ಜಾಗವಿತ್ತು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ. ಸೋಂಕು ಇಳಿದ ಮೇಲೆ ಅದರ ನೆನಪೂ ಯಾರಿಗೂ ಉಳಿಯಲಿಲ್ಲ ಅನ್ನೋದು ನನಗೆ ಬೇಜಾರು.

ಆದರೆ ‘ನಿಧಾನ’ ಅಂತ ಹೊಗಳುವಾಗ ಒಂದು ಮಾತು ಮರೀಬಾರದು. ಹಗೇವಿನಲ್ಲಿ ಜೋಳ ಇದ್ದವನಿಗೆ ಮಾತ್ರ ಅದು ವಿಶ್ರಾಂತಿ. ನಮ್ಮ ಟಿಕೋಟಾ ಭಾಗದ ದ್ರಾಕ್ಷಿಯನ್ನೇ ನೋಡ್ರಿ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆದಾಗ ಕಟಾವಿನ ಹಂಗಾಮು. ವ್ಯಾಪಾರಿಗಳು ಬರಲಿಲ್ಲ, ಹಣ್ಣು ಕಾಯೂದಿಲ್ಲ. ಶೆಡ್ ಇದ್ದವರು ಒಣಗಿಸಿ ಮಣೂಕ ಮಾಡಿದರು. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ ಬರ್ತದೆ, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ದರ ಬರುವ ತನಕ ತಡೀಬಹುದು. ಶೆಡ್ ಇಲ್ಲದವರು ಕೇಳಿದ ದರಕ್ಕೆ ಕೊಟ್ಟು ಕೈ ತೊಳೆದುಕೊಂಡರು. ತಡೆಯುವ ಶಕ್ತಿ ಇದ್ದವನಿಗಷ್ಟೇ ನಿಧಾನ ದಕ್ಕಿತು.

ಇನ್ನು ಕೂಲಿಯವರ ಕಥೆ. ಗೋವಾ, ಪುಣೆ, ಮುಂಬೈಗೆ ಗುಳೆ ಹೋದ ನಮ್ಮ ಕಡೆಯ ಮಂದಿ ಎಲ್ಲೆಲ್ಲೋ ಸಿಕ್ಕಿಬಿದ್ದರು. ಇತ್ತ ಬೆಂಗಳೂರಿನಲ್ಲಿ ಬಿಹಾರ, ಉತ್ತರ ಪ್ರದೇಶದ ಕಾರ್ಮಿಕರು ಊರಿಗೆ ಹೊರಟು ನಿಂತಿದ್ದಾಗ, ಮೇ ಮೊದಲ ವಾರ, ಬಿಲ್ಡರುಗಳ ಜೊತೆ ಸಭೆ ನಡೆಸಿದ ಸರಕಾರ ಶ್ರಮಿಕ್ ರೈಲು ಬೇಡ ಅಂದುಬಿಟ್ಟಿತು. ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟರು. ಕಟ್ಟಡ ಕಟ್ಟಲು ಕೈ ಬೇಕು, ಆ ಕೈಯ ಮನುಷ್ಯನಿಗೆ ಮನೆ ನೆನಪಾಗಬಾರದು! ಮರಳಿ ಬಂದವರಿಗೆ ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಕ್ಕಿತು, ತಲೆಗೆ 5 ಕಿಲೋ ಹೆಚ್ಚುವರಿ. ಬಿಳಿಜೋಳದ ರೊಟ್ಟಿ ತಿನ್ನುವ ಊರಿಗೆ ಅಕ್ಕಿ ಅಂತ ನಾವು ಗೊಣಗಿದೆವು, ಆದರೂ ಆ ಅಕ್ಕಿಯೇ ಹೊಟ್ಟೆ ಕಾಯ್ತು.

ನನಗೆ ನಿಜವಾದ ಆಸೆ ಹುಟ್ಟಿಸಿದ್ದು ಉದ್ಯೋಗ ಖಾತ್ರಿ. ಆ ವರ್ಷದ ಬಜೆಟ್ಟಿನ 61,500 ಕೋಟಿಯ ಮೇಲೆ ಕೇಂದ್ರ ಇನ್ನೂ 40,000 ಕೋಟಿ ಕೊಟ್ಟಿತು. ನಮ್ಮ ರಾಜ್ಯದಲ್ಲಿ ದಿನದ ಕೂಲಿ 249 ರೂಪಾಯಿಯಿಂದ 275 ಆಯಿತು, ಈ ಏಪ್ರಿಲ್‌ನಿಂದ 309. ಹೊಲದ ಕೂಲಿಯಲ್ಲಿ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಇಲ್ಲಿ ಬದು ಹಾಕಿದರೂ, ಹೂಳು ಎತ್ತಿದರೂ ಇಬ್ಬರಿಗೂ ಒಂದೇ. ಇದಕ್ಕಿಂತ ಸರಳವಾದ ನ್ಯಾಯ ನಾನು ಕಂಡಿಲ್ಲ.

ಎದುರು ಮನೆಯ ಅಕ್ಕ, ಅವಳ ಗಂಡ ದೀಪಾವಳಿ ಮುಗಿಸಿ ಗೋವಾಕ್ಕೆ ಹೋಗುವವರು. ಮಕ್ಕಳು ಅಜ್ಜಿ ಹತ್ರ. ಈ ಸಲ ಆಕೆ ಇಲ್ಲೇ ಉಳಿಯುವ ಮನಸ್ಸು ಮಾಡಿದ್ದಾಳೆ. ಲೆಕ್ಕ ನಾವಿಬ್ಬರೂ ಕೂಡಿ ಹಾಕಿದೆವು. 100 ದಿನಕ್ಕೆ 30,900 ರೂಪಾಯಿ. ಆ 100 ದಿನ ಇಡೀ ಮನೆತನಕ್ಕೆ, ಒಬ್ಬೊಬ್ಬರಿಗೆ ಅಲ್ಲ. ‘ಉಳಿದ 265 ದಿನ ಏನ್ ತಿನ್ನೂದು ತಂಗಿ?’ ಅಂದಳು. ಒಬ್ಬೊಬ್ಬರಿಗೂ 100 ದಿನ ಅಂತಾದರೆ ಈ ಓಣಿಯ ಅರ್ಧ ಬೀಗಗಳು ತೆರೀತಾವೆ ಅಂತ ನನಗೆ ಅನಸ್ತದೆ.

ಆದರೂ ಆಕೆ ನಮೂನೆ 6ರಲ್ಲಿ ಅರ್ಜಿ ಬರೆದು ಪಂಚಾಯ್ತಿಗೆ ಕೊಟ್ಟು ಬಂದಿದ್ದಾಳೆ. ರಸೀದಿಯನ್ನು ಜಾಬ್ ಕಾರ್ಡಿನ ಒಳಗೆ ಮಡಚಿ ಇಟ್ಟಿದ್ದಾಳೆ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು ಅನ್ನೋದು ಕಾನೂನು. ಇವತ್ತಿಗೆ ಒಂಬತ್ತು ದಿನ ಆಯ್ತು. ಗೋವಾದ ಮೇಸ್ತ್ರಿ ಎರಡು ಸಲ ಫೋನ್ ಮಾಡಿದ್ದಾನಂತೆ, ಆಕೆ ಇನ್ನೂ ಹೂಂ ಅಂದಿಲ್ಲ.