ಬಾಡಿಗೆ ಮನೆಯ ಸ್ವಚ್ಛತೆ: ಜಗಳಕ್ಕಿಂತ ಕರಾರು ಲೇಸು



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಮನೆಯ ಒಂದು ಭಾಗ ಬಾಡಿಗೆಗೆ ಕೊಟ್ಟವರು ಬಹಳ ಮಂದಿ. ಬಾಡಿಗೆ ತಪ್ಪದೆ ಬರುತ್ತದೆ. ಆದರೆ ಬಚ್ಚಲಲ್ಲಿ ಪಾಚಿ, ಗಟಾರದಲ್ಲಿ ಮುಸುರೆ. ಇಂಥ ಭಾಡೇಕರೂಗಳೊಡನೆ ಹೇಗೆ ನಡೆದುಕೊಳ್ಳಬೇಕು?

ಮೊದಲು ಹೊಣೆ ಯಾರದೆಂದು ನೋಡಿರಿ. ಮಾಳಿಗೆ ಸೋರಿ ಗೋಡೆಗೆ ಬೂಸು ಹಿಡಿದರೆ ಅದು ಮಾಲಕರ ಕೆಲಸ. ಮುಸುರೆ ಚೆಲ್ಲಿ ಗಟಾರ ಕಟ್ಟಿದರೆ ಅದು ಮನೆಯಲ್ಲಿರುವವರ ಕೆಲಸ.

1882ರ ಆಸ್ತಿ ವರ್ಗಾವಣೆ ಕಾಯದೆಯ 108ನೆಯ ಕಲಮು, ಬೇರೆ ಕರಾರು ಇಲ್ಲದಾಗ, ಹೀಗೆ ಹೇಳುತ್ತದೆ: ಸಹಜ ಸವೆತ ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಇಟ್ಟುಕೊಳ್ಳಬೇಕು. ಬಾಡಿಗೆದಾರರಿಂದಾದ ಹಾನಿಯನ್ನು ಅವರು ನೋಟೀಸು ಕೊಟ್ಟ 3 ತಿಂಗಳೊಳಗೆ ಸರಿಪಡಿಸಬೇಕು. ಆದ್ದರಿಂದ ಮೊದಲು ಬಾಯಿಂದ ಹೇಳಿರಿ. ಕೇಳದಿದ್ದರೆ ತಾರೀಖು ಹಾಕಿ ಬರೆದು ಕೊಡಿರಿ. ಮನೆ ನೋಡಲು ಹೋಗುವಾಗ ಮುಂಚಿತವಾಗಿ ತಿಳಿಸಿ, ಯೋಗ್ಯ ವೇಳೆಗೆ ಹೋಗಿರಿ. ಸಿಟ್ಟಿನಿಂದ ನೀರು, ಕರೆಂಟು ಕಡಿಯಬೇಡಿರಿ; ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯದೆ ಅನ್ವಯಿಸುವ ಊರುಗಳಲ್ಲಿ ಅದು ಅಪರಾಧ.

ಮನೆ ಕೊಡುವ ದಿನವೇ ಗೋಡೆ, ಬಚ್ಚಲು, ಸಂಡಾಸು, ನಳ ಹೇಗಿವೆ ಎಂದು ಪಟ್ಟಿ ಬರೆಯಿರಿ. ಗಟಾರ ತೊಳೆಯುವ ಸರದಿಯನ್ನೂ ಸೇರಿಸಿರಿ. ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿರಿ. ಕಾಗದ ಮರಾಠಿಯಲ್ಲಿದ್ದರೆ ಓದಿಸಿ, ತಿಳಿದುಕೊಂಡೇ ಸಹಿ ಹಾಕಿರಿ. ಬ್ಯಾಂಕಿನಲ್ಲಿ ನಾವು ಕಂಡದ್ದಿಷ್ಟೆ: ಬಾಯಿಲೆಕ್ಕ ಮರೆತುಹೋಗುತ್ತದೆ, ಬರೆದ ಲೆಕ್ಕ ಉಳಿಯುತ್ತದೆ. ಮುಂದೆ ಅನಾಮತ್ತು ಹಣ ಮರಳಿಸುವಾಗ ಈ ಪಟ್ಟಿಯೇ ಸಾಕ್ಷಿ.

ಕೊನೆಗೊಂದು ಮಾತು. ಡೆಂಗ್ಯೂ ಸೊಳ್ಳೆ ತುಂಬಿಟ್ಟ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಎಂಟು ಹತ್ತು ದಿನಗಳಲ್ಲಿ ಮರಿ ಹಾರುತ್ತದೆ. ವಾರಕ್ಕೊಮ್ಮೆ ಹಂಡೆ, ಬ್ಯಾರಲ್ ಬರಿದುಮಾಡಿ, ತಿಕ್ಕಿ ಒಣಗಿಸಿರಿ. ಕಚ್ಚುವ ಸೊಳ್ಳೆ ಮಾಲಕ ಯಾರು, ಬಾಡಿಗೆದಾರ ಯಾರು ಎಂದು ಕೇಳುವುದಿಲ್ಲ.